ಹಾಲಿಗೆ ಜಿಡ್ಡು, ಮೈಗೆ ಕೊಬ್ಬು: ಅಳೆಯುವ ವಿಧಾನಗಳು



ಲ್ಯಾಕ್ಟೋಮೀಟರ್ ಒಂದನ್ನೇ ನಂಬಿ ಹಾಲಿನ ಗುಣಮಟ್ಟ ಹೇಳಲಾಗದು ಎಂಬುದು ತಮಗೆಲ್ಲ ತಿಳಿದ ವಿಷಯ. ನೀರು ಬೆರೆಸಿದರೆ ಅದರ ಅಂಕ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಮಾಡಿದರೆ ಅಂಕ ಸರಿಯಾಗಿಯೇ ಕಾಣಬಹುದು. ಆದ್ದರಿಂದಲೇ ಜಿಡ್ಡಿನಂಶವನ್ನು ಬೇರೆಯಾಗಿ ಪರೀಕ್ಷಿಸಲಾಗುತ್ತದೆ. ನಮ್ಮ ದೇಹದ ತೂಕಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮಾಂಸಖಂಡ ಕರಗಿ ಅಷ್ಟೇ ತೂಕದ ಕೊಬ್ಬು ಸೇರಿದರೆ ತಕ್ಕಡಿಗೆ ಗೊತ್ತಾಗುವುದಿಲ್ಲ.

2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮಿಬ್ಬರ ದೇಹವನ್ನೇ ಹೋಲಿಸಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಎತ್ತರ-ತೂಕದ ಸೂಚ್ಯಂಕವೂ 22.3. ಆದರೆ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಸಣಕಲಾಗಿ ಕಾಣುವ ನಮ್ಮವರಿಗೂ ಸಕ್ಕರೆ ಕಾಯಿಲೆ ಬರುವುದಕ್ಕೆ ಇದೂ ಒಂದು ಕಾರಣ.

ಮುಖ್ಯ ವಿಧಾನಗಳು:

1. ಸೂಚ್ಯಂಕ: ಕೆ.ಜಿ. ತೂಕವನ್ನು ಮೀಟರ್ ಎತ್ತರದಿಂದ ಎರಡು ಬಾರಿ ಭಾಗಿಸಬೇಕು. 60 ಕೆ.ಜಿ., 1.6 ಮೀಟರ್ ಇದ್ದವರಿಗೆ 23.4 ಬರುತ್ತದೆ. ಭಾರತೀಯರಿಗೆ 23 ದಾಟಿದರೆ ಅಧಿಕ ತೂಕ, 25 ಮುಟ್ಟಿದರೆ ಬೊಜ್ಜು. ಇದು ಕೊಬ್ಬನ್ನೂ ಮಾಂಸವನ್ನೂ ಬೇರ್ಪಡಿಸದು.

2. ಸೊಂಟದ ಅಳತೆ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟ ನಂತರ ಟೇಪಿನಿಂದ ಅಳೆಯಬೇಕು. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ. ಗರ್ಭಿಣಿಯರಿಗೆ ಇದು ಅನ್ವಯಿಸದು.

3. ಚರ್ಮದ ಮಡಿಕೆ: ತೋಳಿನ ಮುಂದೆ, ಹಿಂದೆ, ಹೆಗಲ ಮೂಳೆಯ ಕೆಳಗೆ ಮತ್ತು ಸೊಂಟದ ಮೂಳೆಯ ಮೇಲೆ ಚರ್ಮವನ್ನು ಕ್ಯಾಲಿಪರ್‌ನಿಂದ ಹಿಡಿದು ಅಳೆಯುತ್ತಾರೆ. ಪಳಗಿದ ಕೈ ಬೇಕು. ಹೊಟ್ಟೆಯೊಳಗಿನ ಕೊಬ್ಬು ಇದಕ್ಕೆ ಸಿಗದು.

4. ವಿದ್ಯುತ್ ತಕ್ಕಡಿ: ನೀರಿರುವ ಮಾಂಸದಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಕೊಬ್ಬು ತಡೆಯುತ್ತದೆ. ನೀರು ಕುಡಿದಾಗ, ಬೆವರಿದಾಗ ಅಂಕ ಬದಲಾಗುತ್ತದೆ. ಪೇಸ್‌ಮೇಕರ್ ಇರುವವರು ಬಳಸಬಾರದು.

5. ನೀರಿನಲ್ಲಿ ಮುಳುಗಿಸಿ ತೂಗುವುದು: ಇದು ದೇಹದ ಲ್ಯಾಕ್ಟೋಮೀಟರ್. ಕೊಬ್ಬಿನ ಸಾಂದ್ರತೆ ಸುಮಾರು 0.9, ಉಳಿದ ಭಾಗದ್ದು 1.1. ಕೆನೆ ತೇಲುವುದೂ ಇದೇ ನಿಯಮದಿಂದ. ಪ್ರಯೋಗಾಲಯಕ್ಕೆ ಮಾತ್ರ ಸಾಧ್ಯ.

6. ಡೆಕ್ಸಾ: ಎರಡು ಬಗೆಯ ಕ್ಷ-ಕಿರಣದಿಂದ ಮೂಳೆ, ಕೊಬ್ಬು, ಮಾಂಸವನ್ನು ಬೇರೆ ಬೇರೆ ಲೆಕ್ಕ ಹಾಕುತ್ತದೆ. ನಿಖರ, ಆದರೆ ದುಬಾರಿ.

ಸುಲಭ ವಿಧಾನಗಳು ಭಾರತೀಯ ವಯಸ್ಕರಿಗೆ ಎಷ್ಟು ಹೊಂದುತ್ತವೆ ಎಂಬ ಅಧ್ಯಯನವನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಜ್ಞರು 1998ರಲ್ಲಿ ಪ್ರಕಟಿಸಿದರು. ಬೇರೆ ದೇಶದವರಿಗೆ ಕಟ್ಟಿದ ಸೂತ್ರ ನಮ್ಮ ಮೈಗೆ ಹಾಗೆಯೇ ಒಪ್ಪಬೇಕೆಂದಿಲ್ಲ. ಎಮ್ಮೆ ಹಾಲಿನ ಅಳತೆಗೋಲಿನಿಂದ ಹಸುವಿನ ಹಾಲನ್ನು ತೀರ್ಮಾನಿಸಲಾಗದಷ್ಟೇ ಸಹಜ ಇದು.

ಉಲ್ಲಾಳದಂತಹ ಊರುಗಳ ಸುತ್ತ ಹೊಲಗಳು ಬಡಾವಣೆಗಳಾಗಿವೆ. ಹುಲ್ಲಿನ ಹೊರೆ ಹೊತ್ತು ನಡೆಯುವುದು ತಪ್ಪಿದ ಮನೆಗಳಲ್ಲಿ ಊಟದ ಪ್ರಮಾಣ ಮಾತ್ರ ಹಾಗೆಯೇ ಉಳಿದಿದ್ದರೆ ಕೊಬ್ಬು ಸೇರುವುದು ಖಂಡಿತ. ದುಬಾರಿ ಯಂತ್ರ ಹುಡುಕಬೇಕಾಗಿಲ್ಲ. ಮೊದಲೆರಡು ವಿಧಾನಗಳನ್ನು ಒಟ್ಟಿಗೆ ಬಳಸಿ, ಮೂರು ತಿಂಗಳಿಗೊಮ್ಮೆ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಅಳೆದು ಬರೆದಿಡಿ. ಸೊಂಟ ಮಿತಿ ದಾಟಿದ್ದರೆ, ತೂಕ ಸರಿಯಿದ್ದರೂ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಮತ್ತು ರಕ್ತದೊತ್ತಡ ಪರೀಕ್ಷಿಸಿಕೊಳ್ಳಿ.

ರಾಸುವಿನ ಪಕ್ಕೆಲುಬು, ಬಾಲದ ಬುಡ ಮುಟ್ಟಿ ಮೈಕಟ್ಟು ಗುರುತಿಸುವ ಸದಸ್ಯರು ತಮ್ಮ ಹಾಗೂ ಮನೆಯವರ ಮೈಕಟ್ಟಿನ ಕಡೆಗೂ ಇಷ್ಟೇ ಗಮನ ಕೊಡಬೇಕೆಂದು ಕೋರಿದೆ.