ಜಾಯಿಂಟಿನ ಪಕ್ಕದಲ್ಲಿ ನಿನ್ನ ನಂಬರು

ಭದ್ರಾವತಿ

ಚಿ. ಸಂತೋಷನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನೀನು ಎಸ್ಸೆಸ್ಸೆಲ್ಸಿ ಪಾಸಾಗಿ, ಐಟಿಐ ಸೇರಿ ವೆಲ್ಡರ್ ಆಗುತ್ತೇನೆಂದು ಹಟ ಹಿಡಿದಿದ್ದೀಯಂತೆ. ನಿಮ್ಮಪ್ಪ ಫೋನ್ ಮಾಡಿ ಅಲವತ್ತುಕೊಂಡ. "ಓದೋ ಹುಡುಗ, ಪಿಯುಸಿ ಬಿಟ್ಟು ಹೋಲ್ಡರ್ ಹಿಡೀತೀನಿ ಅಂತಾನೆ. ನೀನಾದ್ರೂ ಬುದ್ಧಿ ಹೇಳಣ್ಣ" ಅಂದ. ಆಗಲಿ ಅಂದೆ. ಆದರೆ ನಾನು ಹೇಳಹೊರಟಿರುವುದು ಅವನು ಬಯಸಿದ ಬುದ್ಧಿಯಲ್ಲ.

ಈ ಕೆಲಸದಲ್ಲಿ ದುಡ್ಡಿದೆಯೇ ಎಂಬುದು ನಿನ್ನ ಪ್ರಶ್ನೆ. ಇದೆ, ಆದರೆ ಎಲ್ಲ ವೆಲ್ಡಿಂಗಿನಲ್ಲೂ ಇಲ್ಲ. ಗೇಟು, ಗ್ರಿಲ್ಲು, ಶೀಟಿನ ಶೆಡ್ಡು ಮಾಡುವವನೂ ವೆಲ್ಡರೇ. ಅಲ್ಲಿ ಬೆಸುಗೆ ತುಸು ಹೆಚ್ಚುಕಮ್ಮಿಯಾದರೂ ಗ್ರೈಂಡಿಂಗ್ ಮಾಡಿ ಪೇಂಟ್ ಬಳಿದರೆ ಕೆಲಸ ಮುಗಿಯಿತು. ಒಳಗೇನಿದೆ ಎಂದು ಯಾರೂ ನೋಡುವುದಿಲ್ಲ, ಕೂಲಿಯೂ ಅಷ್ಟಕ್ಕಷ್ಟೇ. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಬಾಯ್ಲರ್ ಟ್ಯೂಬು, ಮಂಗಳೂರಿನ ರಿಫೈನರಿಯ ಪೈಪ್‌ಲೈನು ಹಾಗಲ್ಲ. ಅಲ್ಲಿ ಒಂದು ಜಾಯಿಂಟ್ ಬಾಯಿಬಿಟ್ಟರೆ ಜೀವಕ್ಕೇ ಅಪಾಯ, ಘಟಕವೇ ನಿಂತುಹೋಗಬಹುದು. ಅದಕ್ಕೇ ಅಲ್ಲಿ ಬೆಸುಗೆಯ ಹೊಟ್ಟೆಯೊಳಗನ್ನು ಎಕ್ಸ್‌ರೇ ತೆಗೆದು ನೋಡುತ್ತಾರೆ. ಒಳಗೂ ಚೊಕ್ಕವಾಗಿರುವಂತೆ ಬೆಸೆಯಬಲ್ಲ ಕೈಗಳು ಕಡಿಮೆ. ದೊಡ್ಡ ಕೂಲಿ ಹುಡುಕಿಕೊಂಡು ಬರುವುದು ಆ ಕೈಗಳನ್ನೇ.

ಆ ಕೈಯನ್ನು ಒರೆಗೆ ಹಚ್ಚಲು 6ಜಿ ಎಂಬ ಪರೀಕ್ಷೆ ಇದೆ. ಪೈಪನ್ನು 45 ಡಿಗ್ರಿ ವಾಲಿಸಿ ಬಿಗಿದಿರುತ್ತಾರೆ, ಅದನ್ನು ತಿರುಗಿಸುವಂತಿಲ್ಲ. ಬಗ್ಗಿ, ಕುಕ್ಕರಗಾಲಲ್ಲಿ ಕೂತು, ಕತ್ತು ಹೊರಳಿಸಿ ನೀನೇ ಅದರ ಸುತ್ತ ಬರಬೇಕು. ಸಾಮಾನ್ಯವಾಗಿ ಮೊದಲು ಟಿಗ್ ವೆಲ್ಡಿಂಗಿನಲ್ಲಿ ರೂಟ್ ಎಂಬ ತಳದ ಬೆಸುಗೆ, ಆಮೇಲೆ ಎಲೆಕ್ಟ್ರೋಡಿನಲ್ಲಿ ಫಿಲ್ಲಿಂಗ್, ಕೊನೆಗೆ ಮೇಲ್ಪದರದ ಕ್ಯಾಪಿಂಗ್. ಕ್ಯಾಪಿಂಗ್ ಎಷ್ಟು ಚೆಂದ ಕಂಡರೂ ರೂಟ್ ಸರಿಯಾಗಿ ಕೂಡದಿದ್ದರೆ ಫಿಲ್ಮಿನಲ್ಲಿ ಕಪ್ಪು ಗೆರೆ ಮೂಡುತ್ತದೆ. ಗಾಳಿ ಸಿಕ್ಕಿಕೊಂಡಿದ್ದರೆ ಚುಕ್ಕಿ ಕಾಣುತ್ತದೆ. 7018 ಎಂಬ ಎಲೆಕ್ಟ್ರೋಡ್ ರಾಡನ್ನು ಓವನ್ನಿನಲ್ಲಿ ಬಿಸಿಯಾಗಿಟ್ಟು, ಬೇಕಾದಷ್ಟನ್ನೇ ಹೊರತೆಗೆದು ಬಳಸಬೇಕು. ಸೋಮಾರಿತನ ಮಾಡಿ ಬಯಲಲ್ಲಿ ಬಿಟ್ಟರೆ ಅದು ತೇವ ಹೀರುತ್ತದೆ, ಆ ತೇವದ ಹೈಡ್ರೋಜನ್ ಕಬ್ಬಿಣದೊಳಗೆ ಸೇರಿ ಮುಂದೆ ಬಿರುಕಿಗೆ ದಾರಿಯಾಗುತ್ತದೆ.

ಇಂಥ ಕಡೆ ಪ್ರತಿ ವೆಲ್ಡರಿಗೂ ಒಂದು ನಂಬರು ಕೊಡುತ್ತಾರೆ. ನೀನು ಮುಗಿಸಿದ ಜಾಯಿಂಟಿನ ಪಕ್ಕ ಆ ನಂಬರು ಬೀಳುತ್ತದೆ, ರಿಪೋರ್ಟು ಅದರ ಹೆಸರಲ್ಲೇ ಬರುತ್ತದೆ. ಯಾರ ಜಾಯಿಂಟು ಎಷ್ಟು ರಿಪೇರಿಗೆ ಬಂತು ಎನ್ನುವುದು ಸೈಟಿಗೆಲ್ಲ ಗೊತ್ತು. ಯಾವ ಕಾಲೇಜು, ಎಷ್ಟು ಪರ್ಸೆಂಟು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಹಾಗೆಂದು ಒಮ್ಮೆ ಪಾಸಾದೆನೆಂದು ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕುವ ಹಾಗೂ ಇಲ್ಲ. ಅಮೆರಿಕದ ಎಎಸ್‌ಎಂಇ ಕೋಡನ್ನು ನಮ್ಮಲ್ಲೂ ಅನೇಕ ಕಡೆ ಪಾಲಿಸುತ್ತಾರೆ. ಅದರ ಪ್ರಕಾರ ನೀನು ಪಾಸಾದ ಬಗೆಯ ವೆಲ್ಡಿಂಗನ್ನು ಆರು ತಿಂಗಳು ಮಾಡದೆ ಬಿಟ್ಟರೆ ಅರ್ಹತೆಯೇ ಬಿದ್ದುಹೋಗುತ್ತದೆ, ಮತ್ತೆ ಪರೀಕ್ಷೆ ಕೊಡಬೇಕು.

ಕೂಲಿಯ ಲೆಕ್ಕ ಹೀಗಿದೆ. ಪೈಪ್ ಕೆಲಸವನ್ನು ಇಂಚ್-ಡಯಾದಲ್ಲಿ ಅಳೆಯುತ್ತಾರೆ. ಆರಿಂಚಿನ ಪೈಪಿನ ಒಂದು ಜಾಯಿಂಟು ಆರು ಇಂಚ್-ಡಯಾ, ಹತ್ತಿಂಚಿನದು ಹತ್ತು. ಗುತ್ತಿಗೆ ಲೆಕ್ಕದಲ್ಲಿ ದುಡಿದರೆ ರಿಪೇರಿ ಬಾರದವನಿಗೆ ದಿನವೆಲ್ಲ ಲಾಭ, ರಿಪೇರಿ ಬಂದವನಿಗೆ ಕೆತ್ತಿ ಮತ್ತೆ ತುಂಬುವುದರಲ್ಲೇ ಹೊತ್ತು ಮುಳುಗುತ್ತದೆ. ಶಟ್‌ಡೌನ್ ಸಮಯದಲ್ಲಿ ಘಟಕ ನಿಂತ ಒಂದೊಂದು ದಿನವೂ ಕಂಪನಿಗೆ ನಷ್ಟ. ಆಗ ಒಳ್ಳೆಯ ಟಿಗ್ ವೆಲ್ಡರಿಗೆ ಹೆಲ್ಪರನ ಕೂಲಿಯ ಎರಡು ಮೂರು ಪಟ್ಟು ಕೊಟ್ಟು ಕರೆಸಿಕೊಂಡದ್ದನ್ನು ನಾನೇ ಕಂಡಿದ್ದೇನೆ.

ಆದರೆ ಮೊದಲ ವರ್ಷಗಳು ಹಾಗಿರುವುದಿಲ್ಲ, ಇದನ್ನು ಮುಚ್ಚಿಡಲಾರೆ. ಐಟಿಐಯಲ್ಲಿ ವೆಲ್ಡರ್ ಕೋರ್ಸು ಒಂದು ವರ್ಷ. ಆಮೇಲೆ ಅಪ್ರೆಂಟಿಸ್ ಆಗಿ ಸೇರು. 1961ರ ಕಾಯ್ದೆಯ ಪ್ರಕಾರ ಸ್ಟೈಪೆಂಡ್ ಸಿಗುತ್ತದೆ, ದೊಡ್ಡ ಮೊತ್ತವೇನಲ್ಲ. ಕೇಬಲ್ ಎಳೆಯುವುದು, ಗ್ರೈಂಡರ್ ಹಿಡಿಯುವುದು, ಫಿಟ್ಟರ್ ಹೇಳಿದಲ್ಲಿ ಟ್ಯಾಕ್ ಹಾಕುವುದು, ಇದೇ ಕೆಲಸ. ಅದೇ ಹೊತ್ತಿನಲ್ಲಿ ಡ್ರಾಯಿಂಗ್ ಓದಲು ಕಲಿ. ಡ್ರಾಯಿಂಗ್ ಬಂದವನು ಮುಂದೆ ಫೋರ್‌ಮನ್ನೋ ವೆಲ್ಡಿಂಗ್ ಇನ್‌ಸ್ಪೆಕ್ಟರೋ ಆಗಬಲ್ಲ. ನಲವತ್ತು ದಾಟಿದ ಮೇಲೆ ಸೊಂಟ ಹಠ ಮಾಡುತ್ತದಪ್ಪ, ಆಗ ಈ ವಿದ್ಯೆ ಕೈಹಿಡಿಯುತ್ತದೆ.

ಗಲ್ಫಿನ ಆಸೆ ನಿನಗೂ ಇರಬಹುದು. ಹೋಗು, ಬೇಡವೆನ್ನುವುದಿಲ್ಲ. ಹೋಗುವ ಮುನ್ನ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿದವನೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡು. ಅವನು ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಯ ಮಿತಿ ಇದೆ. ಲಕ್ಷ ಕೇಳಿದರೆ ಅಲ್ಲಿಂದ ಎದ್ದು ಬಾ. ಹತ್ತನೇ ಕ್ಲಾಸ್ ಪಾಸಾದವರ ಪಾಸ್‌ಪೋರ್ಟಿಗೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕಿಲ್ಲ. ಇದು ಅನುಕೂಲವೇ, ಆದರೆ ನಿನ್ನ ಕಾಂಟ್ರ್ಯಾಕ್ಟನ್ನು ಬೇರೊಬ್ಬರು ಪರಿಶೀಲಿಸುವ ಒಂದು ಹಂತ ಅಲ್ಲಿ ತಪ್ಪಿಹೋಗುತ್ತದೆ. ಹಾಗಾಗಿ ಸಂಬಳ, ಓವರ್‌ಟೈಮ್, ಊಟ, ವಸತಿ, ವಾಪಸು ಬರುವ ಟಿಕೆಟ್ ಎಲ್ಲವನ್ನೂ ನೀನೇ ಕಣ್ಣಾರೆ ಓದಿ ಸಹಿ ಹಾಕು.

ಇನ್ನು ಮೈಯ ಮಾತು. ಕಪ್ಪು ಗಾಜಿಲ್ಲದೆ ಆರ್ಕ್ ನೋಡಿದರೆ ರಾತ್ರಿಯೆಲ್ಲ ಕಣ್ಣಿಗೆ ಮರಳು ಸುರಿದಂತಿರುತ್ತದೆ. ಅದು ಸಾಮಾನ್ಯವಾಗಿ ಎರಡು ದಿನದಲ್ಲಿ ಇಳಿಯುತ್ತದೆ, ಹೊಗೆ ಮಾಡುವ ಹಾನಿ ಇಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲೇ ವೆಲ್ಡಿಂಗ್ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮಾಸ್ಕ್ ಕೇಳಿ ಪಡೆ. ಟ್ಯಾಂಕಿನೊಳಗೆ, ದೊಡ್ಡ ಪೈಪಿನೊಳಗೆ ಆರ್ಗಾನ್ ಅನಿಲ ತುಂಬಿದ್ದರೆ ಆಮ್ಲಜನಕ ಇರುವುದಿಲ್ಲ. ಆರ್ಗಾನಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಎಚ್ಚರ ತಪ್ಪುವವರೆಗೂ ತಿಳಿಯುವುದಿಲ್ಲ. ಗ್ಯಾಸ್ ಟೆಸ್ಟ್ ಆಗದೆ, ಹೊರಗೊಬ್ಬ ಕಾವಲಿನವನಿಲ್ಲದೆ ಯಾರು ಗದರಿದರೂ ಒಳಗೆ ಇಳಿಯಬೇಡ. ಕೂಲಿ ಎಷ್ಟೇ ಇರಲಿ, ಆ ಮಾತಿಗೆ ಬಗ್ಗಬೇಡ.

ನಿಮ್ಮಪ್ಪನನ್ನು ಎದುರುಹಾಕಿಕೊಂಡು ಹೊರಡುವುದು ಬೇಡ ಕಣೋ. ಅವನ ಅಂಜಿಕೆ ಕೂಲಿಯದಲ್ಲ, ನಾಳೆ ನಾಲ್ಕು ಜನ ಏನೆನ್ನುತ್ತಾರೋ ಎಂಬುದು. ಐಟಿಐ ಮುಗಿಸಿದವರು ನಿಯಮದಂತೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ, ಯಾವ ಟ್ರೇಡಿನವರಿಗೆ ಎಂದು ಕಾಲೇಜಿನಲ್ಲಿ ವಿಚಾರಿಸಿ ಅವನಿಗೆ ತಿಳಿಸು. ಬರುವ ಭಾನುವಾರ ಅವನನ್ನೂ ಕರೆದುಕೊಂಡು ಬಾ, ಮಿಕ್ಕದ್ದು ನಾನು ಮಾತಾಡುತ್ತೇನೆ. ಅರ್ಜಿಯ ಕೊನೆ ದಿನ ಯಾವತ್ತೆಂದು ಮಾತ್ರ ಇವತ್ತೇ ನೋಡಿಟ್ಟುಕೋ.

ಇತಿ ನಿನ್ನ ಪ್ರೀತಿಯ
ದೊಡ್ಡಪ್ಪ