ಗಿಡ್ಡ ಬೇಟೆ ರೈಫಲ್: ಭುಜಕ್ಕೆ ಹೊಂದಿದರೆ ಅರ್ಧ ಗೆದ್ದಂತೆ

ಅಮೆರಿಕದ ದಟ್ಟ ಕಾಡುಗಳಲ್ಲಿ ಜಿಂಕೆ ಬೇಟೆಗೆ ಬಳಸುವ ಗಿಡ್ಡ ಬೋಲ್ಟ್ ಆ್ಯಕ್ಷನ್ ರೈಫಲ್‌ಗಳ ನಳಿಕೆ ಸಾಮಾನ್ಯವಾಗಿ 16ರಿಂದ 20 ಅಂಗುಲ. 1983ರಲ್ಲಿ ಬಂದ ರೆಮಿಂಗ್ಟನ್ ಮಾಡೆಲ್ ಸೆವೆನ್ ಈ ಬಗೆಯ ಹೆಸರಾಂತ ಮಾದರಿ. 'ಕಾಂಪ್ಯಾಕ್ಟ್' ಎಂಬ ಹಣೆಪಟ್ಟಿಗೆ ಎರಡರ್ಥ: ನಳಿಕೆ ಗಿಡ್ಡವಿರಬಹುದು, ಇಲ್ಲವೇ ಮರದ ಹಿಡಿಯೂ ಗಿಡ್ಡವಿರಬಹುದು. ಟ್ರಿಗರ್‌ನಿಂದ ಹಿಡಿಯ ತುದಿಗೆ 12.5 ಅಂಗುಲವಿದ್ದರೆ ಅದು ಹದಿಹರೆಯದವರಿಗೆ, ಸಣ್ಣ ಮೈಕಟ್ಟಿನವರಿಗೆ ಸರಿ. ಎತ್ತರದ ಆಳು ಅದನ್ನು ಹಿಡಿದರೆ ಗುಂಡು ಹಾರಿದಾಗ ರೈಫಲ್ ಮೇಲಿನ ದುರ್ಬೀನು ಹುಬ್ಬಿಗೇ ಬಡಿಯಬಹುದು. ದೊಡ್ಡವರಿಗೆ 13.5 ಅಂಗುಲದ ಆಸುಪಾಸು ಹೊಂದುತ್ತದೆ. ಅಂಗಡಿಯಲ್ಲಿ ದಪ್ಪ ಜಾಕೆಟ್ ತೊಟ್ಟೇ ಭುಜಕ್ಕಿಟ್ಟು ನೋಡುವುದು ಲೇಸು.

ತೋಟಾಗಳಲ್ಲಿ .308 ವಿಂಚೆಸ್ಟರ್, ಅದರದೇ ಕೋಶದಿಂದ ಹುಟ್ಟಿದ .243 ಮತ್ತು 7ಎಂಎಂ-08 ಗಿಡ್ಡ ನಳಿಕೆಗೆ ಒಗ್ಗುತ್ತವೆ. ಒಂದಂಗುಲ ಕಡಿಮೆಯಾದರೆ ವೇಗ ಸೆಕೆಂಡಿಗೆ ಸುಮಾರು 25 ಅಡಿ ತಗ್ಗುತ್ತದೆ. 150 ಗಜದೊಳಗೆ ಇದು ಲೆಕ್ಕಕ್ಕಿಲ್ಲ. ಸದ್ದು ಮಾತ್ರ ಏರುತ್ತದೆ, ಹಗುರ ರೈಫಲ್ ಜೋರಾಗಿ ಒದೆಯುತ್ತದೆ. ಒದೆತಕ್ಕೆ ಅಂಜುವವರಿಗೆ .243 ಮೇಲು. ಗಿಡ್ಡ ನಳಿಕೆಯಲ್ಲಿ ಮ್ಯಾಗ್ನಂ ತೋಟಾ ಮದ್ದಿನ ದಂಡ. ಮರಗಳ ನಡುವೆ 2–7 ಪಟ್ಟಿನ ದುರ್ಬೀನು ಸಾಕು.

ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಷೇಧಿಸಿರುವುದರಿಂದ ಈ ಆಯ್ಕೆ ಹೊರದೇಶದಲ್ಲಿ ಪರವಾನಗಿ ಪಡೆದವರದ್ದು ಮಾತ್ರ.