ಇತಿಹಾಸ ತೆರೆದರೆ ಲಗ್ನಪತ್ರಿಕೆ

ಮಸ್ಕಿಯಲ್ಲಿ ನನ್ನದು ಝೆರಾಕ್ಸ್, ಡಿಟಿಪಿ ಅಂಗಡಿ. ಹದಿನಾಲ್ಕು ವರ್ಷ ಕೀಬೋರ್ಡ್ ಕುಟ್ಟಿದವನಿಗೆ ಯಾರಾದರೂ ತಪ್ಪು ತೋರಿಸಿದರೆ ಮೊದಲು ಬರುವುದು ಸಿಟ್ಟು.

ಕಣ್ಣು ಕಾಣದ ಹುಡುಗಿಯೊಬ್ಬಳು ನೌಕರಿ ಪರೀಕ್ಷೆಗೆ ಓದುತ್ತಿದ್ದಳು. ಅವಳ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನದನ್ನು ಓದಿ ಹೇಳುತ್ತದೆ. ನೋಟ್ಸನ್ನೆಲ್ಲ ಯೂನಿಕೋಡಿನಲ್ಲಿ ಟೈಪಿಸಿ 38 ಪಿಡಿಎಫ್ ಮಾಡಿಕೊಟ್ಟೆ. ವಾರದಲ್ಲೇ ಫೋನು: ‘ಅಣ್ಣಾ, ಎಲ್ಲಾ ಫೈಲಿಗೂ ಒಂದ ಹೆಸರು ಹೇಳಾಕತ್ತೈತ್ರಿ.’

‘ಹೆಸರು ಬ್ಯಾರೆ ಬ್ಯಾರೆ ಅದಾವ ತಂಗಿ, ನಿನ್ನ ಮಷೀನ್ ಕೆಟ್ಟೈತಿ’ ಎಂದು ಫೋನಿಟ್ಟೆ. ನೋಟ್ಸ್ ಬರೆದ ಮೇಷ್ಟ್ರೂ ನನ್ನ ಪರವೇ ಮಾತಾಡಿದರು. ಅವರನ್ನು ನಂಬಿದ್ದು ಇನ್ನೊಂದು ತಪ್ಪು.

ಪರೀಕ್ಷೆಯ ಹಿಂದಿನ ರಾತ್ರಿ ಷಟರ್ ಅರ್ಧ ಇಳಿಸಿದ್ದೆ. ಅವಳಪ್ಪ ಬಗ್ಗಿ ಒಳಬಂದರು, ಹಿಂದೆಯೇ ಅವಳು. ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲಿಟ್ಟು ಕ್ರೋಮ್‌ನಲ್ಲಿ ಮೂರು ಫೈಲು ತೆರೆದಳು. ಕಂಟ್ರೋಲ್, ಟ್ಯಾಬ್ ಒತ್ತಿದಳು. ‘ಲಗ್ನಪತ್ರಿಕೆ’ ಎಂದಿತು. ಮತ್ತೆ ಒತ್ತಿದಳು. ‘ಲಗ್ನಪತ್ರಿಕೆ.’ ಮೌರ್ಯರು, ಸಂವಿಧಾನ, ಭೂಗೋಳ ಮೂರೂ ಲಗ್ನಪತ್ರಿಕೆ! ಯಾವುದು ಯಾವುದೆಂದು ತಿಳಿಯಲು ಪ್ರತಿ ಸಲ ನಾಲ್ಕು ಸಾಲು ಕೇಳಬೇಕಿತ್ತು. ಅವಳಪ್ಪ ನಕ್ಕರು. ಅವಳು ನಗಲಿಲ್ಲ.

‘ಅಲ್ಲೀತನಕ ಸಿಕ್ಕಿದ್ದ ಬ್ಯಾರೆ ಊರ ಕಲ್ಲಿನ್ಯಾಗ ಬರೇ ದೇವಾನಾಂಪಿಯ ಅನ್ನೂವಂಥ ಬಿರುದು. 1915ರಾಗ ಬೀಡನ್ ಸಾಹೇಬ ಕಂಡ ನಮ್ಮ ಮಸ್ಕಿ ಶಾಸನದಾಗ ಅಶೋಕ ಅಂತ ಹೆಸರ ಇತ್ತು, ಅದಕ್ಕ ಆ ಬಿರುದು ಯಾರದಂತ ಖಾತ್ರಿ ಆತು. ನೀವ ಟೈಪ್ ಮಾಡೀರಿ ಅಣ್ಣಾ, ಏಳನೇ ಫೈಲಿನ್ಯಾಗ’ ಎಂದಳು. ನನ್ನ ಬಾಯಿ ಕಟ್ಟಿತು.

ಹಳೆಯ ಲಗ್ನಪತ್ರಿಕೆಯ ಕಡತವನ್ನೇ ನಕಲು ಮಾಡಿಕೊಂಡು, ಅಕ್ಷರ ಅಳಿಸಿ, ಅದರಲ್ಲೇ ಎಲ್ಲ ನೋಟ್ಸ್ ಟೈಪಿಸಿದ್ದೆ. ನಾನು ಬದಲಿಸಿದ್ದು ಫೈಲಿನ ಹೆಸರು. ಒಳಗಿನ ಶೀರ್ಷಿಕೆ ಹಳೆಯದೇ ಉಳಿದಿತ್ತು. ಬ್ರೌಸರ್ ತೋರಿಸುವುದು, ಎನ್‌ವಿಡಿಎ ಓದುವುದು ಅದನ್ನೇ. ಎರಡು ಗಂಟೆಯವರೆಗೆ ಕೂತು 38ನ್ನೂ ತಿದ್ದಿದೆ. ಅವಳು ಅಂಗಡಿಯ ಬೆಂಚಿನ ಮೇಲೆ ನಿದ್ದೆ ಹೋಗಿದ್ದಳು. ಓದುವ ರಾತ್ರಿ ಹಾಗೆ ಹೋಯಿತು.

ನನ್ನಂಥ ಅಂಗಡಿಯವರಿಗೆ ಇಷ್ಟು: ವರ್ಡಿನಲ್ಲಿ ಫೈಲ್, ಇನ್ಫೋ, ಟೈಟಲ್‌ಗೆ ಹೋಗಿ ವಿಷಯ ಬರೆಯಿರಿ. ‘ನೋಟ್ಸ್ 7’ ಸಾಲದು, ‘ಮೌರ್ಯರು: ಮಸ್ಕಿ ಶಾಸನ’ ಎನ್ನಿ. ಯೂನಿಕೋಡಿನಲ್ಲೇ ಬರೆಯಿರಿ, ಹಳೆಯ ‘ನುಡಿ’ ತಂತ್ರಾಂಶದ ಅಕ್ಷರ ಅಲ್ಲಿ ಕಸವಾಗುತ್ತದೆ. ಪ್ರಿಂಟ್ ಕೊಟ್ಟು ಪಿಡಿಎಫ್ ಮಾಡಬೇಡಿ, ಸೇವ್ ಆ್ಯಸ್ ಬಳಸಿ. ಕೊನೆಗೆ ಕ್ರೋಮ್‌ನಲ್ಲಿ ತೆರೆದು ಮೇಲಿನ ಟ್ಯಾಬ್ ನೋಡಿ.

ಗಿರಾಕಿ ಫೋನ್ ಮಾಡಿದರೆ, ಮಷೀನ್ ಕೆಟ್ಟಿದೆ ಅನ್ನುವ ಮೊದಲು ಒಮ್ಮೆ ತೆರೆದು ನೋಡಿ.